ಇಳಿಜಾರಿನಲ್ಲಿ ಮಾಮಾನ ಹುಲ್ಲುಯಂತ್ರ

ನಮ್ಮ ಮಾಮಾ ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರರು ಎಂದರೆ ನನಗೆ ಈಗಲೂ ಪೂರ್ತಿ ನಂಬಿಕೆ ಬರುವುದಿಲ್ಲ. ಅವರು ಹಾಕುವ ಲೆಕ್ಕ ಒಂದಾದರೂ ನನಗೆ ತಿಳಿದಿದ್ದರೆ ತಾನೆ?

ಮಾನ್ವಿಯ ಅಂಚಿನಲ್ಲಿ, ಕಲ್ಲುಗುಡ್ಡಕ್ಕೆ ಆತುಕೊಂಡು ಅವರ ಮನೆ. ಮುಂದೆ ಅರ್ಧ ಎಕರೆ ಹುಲ್ಲುಹಾಸು. ಈ ಬಿಸಿಲಿನಲ್ಲಿ ಹುಲ್ಲುಹಾಸೇ ಎಂದು ಮಾತ್ರ ಅವರನ್ನು ಕೇಳಬೇಡಿ; ಬೋರ್‌ವೆಲ್ಲಿನಿಂದ ಶುರುಮಾಡಿ ಒಂದು ತಾಸು ಉತ್ತರ ಹೇಳುತ್ತಾರೆ. ಆ ಹಾಸಿನ ಮುಕ್ಕಾಲು ಪಾಲು ಸಪಾಟು. ಉಳಿದ ಕಾಲು ಪಾಲು ಜಾರುಬಂಡಿಯಂತೆ ಕೆಳಗಿನ ಕಲ್ಲುಬೇಲಿಯವರೆಗೆ ಇಳಿಯುತ್ತದೆ.

ಹೋದ ಮಳೆಗಾಲದಲ್ಲಿ ಮಾಮಾ, ತಾನಾಗಿಯೇ ಓಡಾಡಿ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ತರಿಸಿದರು. ಆಮೆಯಂಥ ಆಕಾರ, ಹೊಟ್ಟೆಯಡಿ ಬ್ಲೇಡು. ನೆಲದಲ್ಲಿ ಸುತ್ತಲೂ ವೈರು ಹೂಳಿದರೆ ಆ ಗೆರೆ ದಾಟುವುದಿಲ್ಲವಂತೆ. ನೋಡೋಣವೆಂದು ರಾಯಚೂರಿನಿಂದ ಬಸ್ಸು ಹಿಡಿದು ಹೋದೆ. ಹೋಗಿ ನೋಡಿದರೆ, ಮಾಮಾ ವೈರು ಹೂಳಿದ್ದು ಇಳಿಜಾರಿನ ಸುತ್ತ ಮಾತ್ರ! ಸಪಾಟು ಜಾಗದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿತ್ತು.

ಯಂತ್ರ ನಾಲ್ಕು ಮೊಳ ಏರುವುದು, ಚಕ್ರ ಗಿರ್ರನೆ ತಿರುಗುವುದು, ಅಡ್ಡಡ್ಡ ಜಾರಿ ಬೇಲಿಗೆ ಒರಗಿ ಕುಂಯ್ ಕುಂಯ್ ಎನ್ನುವುದು. ಮಾಮಾ ಧೋತರ ಎತ್ತಿಕಟ್ಟಿ ಇಳಿದು, ಅದನ್ನು ಎತ್ತಿ ತಂದು ಮತ್ತೆ ಬಿಡುವುದು. ಅದು ಕತ್ತರಿಸಿದ ಹುಲ್ಲಿಗಿಂತ ಮಾಮಾ ತುಳಿದ ಹುಲ್ಲೇ ಹೆಚ್ಚು. ಇಷ್ಟು ಕಡಿದಾದ ಜಾಗಕ್ಕೆ ಇದು ಆಗದು ಎಂದು ಜೊತೆಗೆ ಬಂದ ಪುಸ್ತಕದಲ್ಲೇ ಬರೆದಿದೆಯಲ್ಲ ಎಂದೆ.

"ಬರದಾವ ನಮ್ಮ ಇಳಿಜಾರು ನೋಡ್ಯಾನೇನು?" ಎಂದರು ಮಾಮಾ, ಶಾಂತವಾಗಿ.



ಮುಂದಿನ ಸಲ ಹೋದಾಗ ಚಕ್ರಗಳಿಗೆ ಹಳೇ ಸೈಕಲ್ ಟೈರಿನ ತುಂಡು ಸುತ್ತಿದ್ದರು. ಯಂತ್ರ ಜಾರುವುದು ಕಡಿಮೆಯಾಗಿತ್ತು, ಆದರೆ ತಿರುಗುವುದನ್ನೇ ಮರೆತುಬಿಟ್ಟಿತ್ತು. ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮ ಭಾವ ದೇವದುರ್ಗದಿಂದ ಬಂದಿದ್ದರು. ಅರ್ಧ ತಾಸು ನಿಂತು ನೋಡಿದವರು, ವೈರನ್ನು ಸಪಾಟು ಜಾಗಕ್ಕೆ ನಾನೇ ಹಾಕಿಕೊಡುತ್ತೇನೆ, ಎರಡು ದಿನದ ಕೆಲಸ ಎಂದರು. ಮಾಮಾ ಭಾವನಿಗೆ ಚಹಾ ಕುಡಿಸಿ ಕಳಿಸಿದರು. ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದ ನನ್ನನ್ನು ಭಾವ, ಬಸ್ಸು ಹತ್ತುವಾಗ, ಮಾಮಾ ಸರಿಯಾಗಿ ಊಟ ನಿದ್ದೆ ಮಾಡುತ್ತಾರಾ ಎಂದು ಕೇಳಿದರು.

ದೀಪಾವಳಿಗೆ ಹೋದಾಗ ಸಪಾಟು ಜಾಗದಲ್ಲಿ ಪಕ್ಕದ ಓಣಿಯ ಹನುಮವ್ವ ಕುಡುಗೋಲು ಹಿಡಿದು ಕೂತಿದ್ದಳು. ಇಡೀ ಹಾಸಿನ ಹುಲ್ಲು ಕೊಯ್ದು ತನ್ನ ಎರಡು ಎಮ್ಮೆಗಳಿಗೆ ಒಯ್ಯುವುದು ಅವಳ ಬಹಳ ವರ್ಷಗಳ ರೂಢಿ. ಎಡ ಮುಂಗೈ ಯಾಕೋ ಸೊಟ್ಟಗಿತ್ತು. ಕೇಳಿದೆ. ಯಂತ್ರ ಬರುವ ಮುಂಚೆ, ಮೊದಲ ಮಳೆಗೆ ಆ ಇಳಿಜಾರಿನಲ್ಲಿ ಕೊಯ್ಯುವಾಗಲೇ ಜಾರಿ ಬಿದ್ದು ಮುರಿದಿತ್ತಂತೆ. ಕೈಗೆ ಕಟ್ಟು ಹಾಕಿದ್ದಷ್ಟು ದಿನ ಸೊಸೆ ಆಗಾಗ ಬಂದು ಒಂದು ಹೊರೆ ಒಯ್ಯುತ್ತಿದ್ದಳಂತೆ.

ಹಾಗಾದರೆ ಎಲ್ಲ ಕಡೆಗೂ ಯಂತ್ರವನ್ನೇ ಬಿಡಬಹುದಿತ್ತಲ್ಲ ಎಂದು ನಾನು ಬಾಯಿ ತಪ್ಪಿ ಅಂದೆ.

"ಆ ಮಷೀನು ಹುಲ್ಲು ಪುಡಿ ಮಾಡಿ ಅಲ್ಲೇ ಚೆಲ್ತದ," ಎಂದಳು ಹನುಮವ್ವ. "ಎಲ್ಲಾ ಅದಕ್ಕ ಬಿಟ್ರ ನನ್ನ ಎಮ್ಮಿ ಏನ್ ತಿನ್ನಬೇಕ್ರಿ? ಬಯಲು ನಿನ್ನ ಪಾಲು, ಜಾರೂ ಜಾಗ ಮಷೀನಿನ ಪಾಲು ಅಂತ ಮಾಸ್ತರು ಹಂಚಿ ಕೊಟ್ಟಾರ."

ನಾನು ಮಾಮಾನ ಕಡೆ ನೋಡಿದೆ. ಅವರು ಕೇಳಿಸಿಕೊಳ್ಳದವರಂತೆ ಟೈರಿನ ತುಂಡು ಬಿಗಿಯುತ್ತಿದ್ದರು. ಬಿಗಿದು ಯಂತ್ರವನ್ನು ಬಿಟ್ಟರು. ಅದು ನಾಲ್ಕು ಮಾರು ಹೋಗಿ, ಉರುಳಿ, ಬೇಲಿಯ ಬುಡದಲ್ಲಿ ಅಂಗಾತ ಬಿತ್ತು. ಹನುಮವ್ವ ಕುಡುಗೋಲು ಕೆಳಗಿಟ್ಟು ಎದ್ದಳು.

"ನೀ ಕುಂದ್ರವ್ವಾ, ನಾ ಹೋಗ್ತೀನಿ," ಎಂದರು ಮಾಮಾ.

"ನಿಮಗ ಎಪ್ಪತ್ತು ದಾಟ್ಯಾವ ಮಾಸ್ತರ. ಈ ವಯಸ್ಸಿನ್ಯಾಗ ಮುರದ್ರ ಎಲುಬು ಕೂಡಂಗಿಲ್ಲ."

ಮಾಮಾ ಆಗಲೇ ಹುಲ್ಲಿನ ಮೇಲೆ ಕೂತು, ಎರಡೂ ಅಂಗೈ ಊರಿ, ಅಂಬೆಗಾಲು ಕಲಿಯದ ಕೂಸಿನ ಹಾಗೆ ಜರುಗುತ್ತ ಇಳಿಯತೊಡಗಿದ್ದರು. ಅವರು ಕೆಳಗೆ ಮುಟ್ಟುವವರೆಗೆ ಹನುಮವ್ವ ಕೂರಲಿಲ್ಲ. ನಾನು ಚಪ್ಪಲಿ ಬಿಟ್ಟು ಅವರ ಹಿಂದೆಯೇ ಇಳಿದೆ.