ಡಚ್ ಹುಡುಗಿಯ ನಿವೃತ್ತಿ, ನನ್ನ ರಾಜೀನಾಮೆ

ಮನೆಯಲ್ಲಿ ನಮ್ಮನ್ನು ಯಾರೊಂದಿಗೆ ಹೋಲಿಸುತ್ತಾರೆ ಎಂಬುದರ ಮೇಲೆ ಗಂಡಸಿನ ನೆಮ್ಮದಿ ನಿಂತಿದೆ. ನನ್ನ ತಮ್ಮನನ್ನು ಪಕ್ಕದ ಮನೆಯವನೊಂದಿಗೆ ಹೋಲಿಸುತ್ತಾರೆ. ಅವನು ಪುಣ್ಯವಂತ, ಆ ಪಕ್ಕದ ಮನೆಯವನು ಅಂಥ ಬುದ್ಧಿವಂತನೇನಲ್ಲ. ನನ್ನನ್ನು ಮಾತ್ರ ನೆದರ್ಲೆಂಡ್ಸಿನ ಹಾಕಿ ಆಟಗಾರ್ತಿಯೊಬ್ಬಳೊಂದಿಗೆ ಹೋಲಿಸುತ್ತಿದ್ದರು. ನಾನೋ ಒಮಾನಿನ ಇಬ್ರಿಯಲ್ಲಿ ತೈಲಬಾವಿಗಳಿಗೆ ಪೈಪು, ವಾಲ್ವು ಒದಗಿಸುವ ಕಂಪನಿಯ ಸ್ಟೋರ್ಸ್ ವಿಭಾಗದವನು. ಹಾಕಿ ಸ್ಟಿಕ್ಕನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ನನಗೆ ತಿಳಿಯದು.

ತಪ್ಪು ಮಗಳು ಅನಘಾಳದು. ಒಂಬತ್ತನೇ ಕ್ಲಾಸಿನಲ್ಲಿ ಹಾಕಿ ಹುಚ್ಚು ಹಿಡಿಸಿಕೊಂಡು ಆ ಹುಡುಗಿಯ ಜಾತಕವನ್ನೇ ಬಾಯಿಪಾಠ ಮಾಡಿದ್ದಳು. ಹದಿನೇಳಕ್ಕೆ ದೇಶದ ತಂಡ, ಆಮೇಲೆ ಮಂಡಿಗೆ ಪೆಟ್ಟು, ಇವಳ ಕಥೆ ಮುಗಿಯಿತು ಎಂದವರ ಮುಂದೆಯೇ ವಾಪಸು ಬಂದು ನಾಯಕಿ. ಅವಳ ಚಿತ್ರ ಅಲ್ಲಿ ಹಾಲಿನ ಪ್ಯಾಕೆಟ್ಟಿನ ಮೇಲಿತ್ತಂತೆ, ಬಸ್ಸಿನ ಮೇಲಿತ್ತಂತೆ. ನಮ್ಮಲ್ಲಿ ಫ್ರಿಜ್ಜಿನ ಮೇಲಿತ್ತು. ನಾನು ಸೊಂಟ ಹಿಡಿದುಕೊಂಡು ಸೋಫಾದ ಮೇಲೆ ಉರುಳಿದರೆ ಹೆಂಡತಿ ಸುಮಾ, "ಆ ಹುಡುಗಿ ಮಂಡಿಗೆ ಪಟ್ಟಿ ಕಟ್ಕೊಂಡು ಫೈನಲ್ ಆಡಿದ್ಲಂತೆ, ನಿಮಗೆ ಒಂದು ಗ್ಯಾಸ್ ಸಿಲಿಂಡರ್ ಎತ್ತೋಕಾಗಲ್ವಾ?" ಎನ್ನುತ್ತಿದ್ದಳು. ಕೇಳಿ ಕೇಳಿ ರೋಸಿಹೋಗಿದ್ದೆ.

ಅದೇ ಹೊತ್ತಿಗೆ ಎಣ್ಣೆಯ ಬೆಲೆ ನೆಲಕಚ್ಚಿತು. ಆಫೀಸಿನಲ್ಲಿ ಮೊದಲು ಚಹಾದ ಜೊತೆಗಿನ ಬಿಸ್ಕತ್ತು ನಿಂತಿತು, ಆಮೇಲೆ ಓವರ್‌ಟೈಮ್, ಆಮೇಲೆ ಒಬ್ಬೊಬ್ಬರೇ ಮನುಷ್ಯರು. ಗುರುವಾರ ಯಾರಿಗೆ ಎಚ್.ಆರ್.ನಿಂದ ಕರೆ ಬರುತ್ತದೋ ಅವರು ಶುಕ್ರ-ಶನಿಯ ರಜೆ ಮುಗಿದು ಭಾನುವಾರ ಆಫೀಸು ತೆರೆದಾಗ ಕಾಣುತ್ತಿರಲಿಲ್ಲ. ಮಗಳ ಹತ್ತನೇ ಕ್ಲಾಸು ಮುಗಿಯುವ ತನಕವಾದರೂ ನನಗೆ ಈ ಕೆಲಸ ಬೇಕಿತ್ತು.

ಆಗ ಆ ಪುಣ್ಯಾತ್ಗಿತ್ತಿ ನಿವೃತ್ತಿ ಘೋಷಿಸಿದಳು. ಊರಿಗೆ ಊರೇ ಬೇಡ ಎಂದು ಗೋಗರೆಯಿತಂತೆ, ಕೋಚ್ ಅವಳ ಮನೆಗೇ ಹೋಗಿ ಕೂತನಂತೆ. "ಎವ್ರಿಬಡಿ ಬೆಗ್ಡ್ ಹರ್ ಟು ಸ್ಟೇ, ಅಪ್ಪಾ," ಎಂದು ಮಗಳು ಕಣ್ಣೊರೆಸಿಕೊಂಡಳು. ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಆಗಲೇ. ಸ್ಟೋರ್ಸಿನ ಯಾವ ಮೂಲೆಯಲ್ಲಿ ಯಾವ ವಾಲ್ವಿದೆ ಎಂದು ನನ್ನನ್ನು ಬಿಟ್ಟರೆ ಯಾರಿಗೆ ಗೊತ್ತು? ನಾನಾಗಿಯೇ ಹೋಗುತ್ತೇನೆಂದರೆ ಕೈ ಹಿಡಿದು ನಿಲ್ಲಿಸಿಕೊಳ್ಳದೆ ಇರುತ್ತಾರೆಯೇ? ಒಮ್ಮೆ ಹಾಗೆ ಬೇಡಿಸಿಕೊಂಡುಬಿಟ್ಟರೆ, ಮನೆಗೆ ಕಳಿಸುವವರ ಪಟ್ಟಿಯಲ್ಲಿ ನನ್ನ ಹೆಸರು ಬರುವ ಮಾತೇ ಇಲ್ಲ.

ಮರುದಿನ ರಾಜೀನಾಮೆ ಟೈಪು ಮಾಡಿ ಮ್ಯಾನೇಜರ್ ಸಯೀದರ ಮುಂದಿಟ್ಟೆ. ಎರಡು ಸಲ ಓದಿದರು. ಕನ್ನಡಕ ತೆಗೆದರು, ಕಣ್ಣು ಒದ್ದೆಯಾಗಿತ್ತು. ಈಗ ಬೇಡುತ್ತಾರೆ ಎಂದು ನಾನು ವಿನಯದಿಂದ ತಲೆ ತಗ್ಗಿಸಿದೆ. ಅವರು ಎದ್ದು ಬಂದು ನನ್ನನ್ನು ತಬ್ಬಿಕೊಂಡು, ತಮ್ಮ ಗಲ್ಫ್ ಹಿಂದಿಯಲ್ಲಿ, "ಭಾಯ್, ಅಲ್ಲಾಹ್ ನಿನಗೆ ಒಳ್ಳೇದು ಮಾಡಲಿ. ನಿನ್ನನ್ನು ಕಳಿಸಲೋ, ಆ ನಾಲ್ಕು ಮಕ್ಕಳ ಫೋರ್ಕ್‌ಲಿಫ್ಟ್ ಡ್ರೈವರನ್ನು ಕಳಿಸಲೋ ಅಂತ ಮೂರು ದಿನದಿಂದ ನಿದ್ದೆ ಇಲ್ಲ. ಖಲಾಸ್, ನೀನೇ ದಾರಿ ತೋರಿಸಿದೆ," ಎಂದು ಸಹಿ ಹಾಕಿಯೇಬಿಟ್ಟರು.

ಮನೆಗೆ ಬಂದು ಹೇಳಿದೆ. ಸುಮಾ ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ, ಅದು ಇನ್ನೂ ಕಷ್ಟ. ಫ್ರಿಜ್ಜಿನ ಮೇಲಿನ ಚಿತ್ರವನ್ನು ನೋಡುತ್ತಾ, "ಅಲ್ಲ ಕಣ್ರೀ, ಅವಳು ಕಪ್ ಗೆದ್ದು ಆಮೇಲೆ ತಾನೇ ಹೋಗ್ತೀನಿ ಅಂದಿದ್ದು?" ಎಂದಳು.

ಅವಳ ಬಗ್ಗೆ ವರ್ಷವಿಡೀ ಎಲ್ಲವನ್ನೂ ಕೇಳಿಸಿಕೊಂಡಿದ್ದ ನಾನು ಇದೊಂದನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ.