ಡ್ಯೂಕಪ್ಪನ ಕೊರಳಿಗೆ ಗಂಗೆಯ ಹಗ್ಗ

ಇಡೀ ಕೊಡಗು ರಾಜ್ಯವನ್ನು ಇಬ್ಬರೇ ಮಂತ್ರಿಗಳು ನಡೆಸುತ್ತಿರುವಾಗ, ಒಂದು ನಾಯಿಯನ್ನು ಸಂತೆಯವರೆಗೆ ನಡೆಸಿಕೊಂಡು ಹೋಗಿಬರಲು ನನ್ನೊಬ್ಬಳಿಂದ ಆಗದೆ? ಹೀಗೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಯಜಮಾನರೆದುರು ಘೋಷಿಸಿಯೇಬಿಟ್ಟೆ!

ನಾಯಿಯ ಹೆಸರು ಡ್ಯೂಕ್. ನನ್ನ ಬಾಯಲ್ಲಿ ಡ್ಯೂಕಪ್ಪ. ಯಜಮಾನರು ಲೆಕ್ಕ ಬರೆಯುವ ರೈಟರ್ ಆಗಿರುವ ಪಾಲಿಬೆಟ್ಟದ ಎಸ್ಟೇಟಿನ ಹಳೇ ದೊರೆ ತೋಟ ಮಾರಿ ಇಂಗ್ಲೆಂಡಿನ ಹಡಗು ಹತ್ತುವ ಮೊದಲು ಅವನನ್ನು ನಮ್ಮ ಜಗಲಿಯಲ್ಲಿ ಬಿಟ್ಟು ಹೋದರು. ಜೊತೆಗೊಂದು ಟ್ರಂಕು. ಅದರೊಳಗೆ ತೊಗಲಿನ ಪಟ್ಟಿ, ಉಕ್ಕಿನ ಸರಪಳಿ, ಬಾಚಣಿಗೆ, ಬ್ರಷ್ಷು, ಬೆಳ್ಳಿಯಂತೆ ಹೊಳೆಯುವ ಸೀಟಿ! ನನ್ನ ಮದುವೆಗೆ ತವರಿನಿಂದಲೂ ಇಷ್ಟು ಸಾಮಾನು ಬಂದಿರಲಿಲ್ಲ.

"ಇದೆಲ್ಲ ನಮಗೆ ಬೇಡ ವನಜ," ಎಂದರು ಯಜಮಾನರು. "ಬಂಗಲೆ ನಾಯಿ. ನಮ್ಮ ಮುದ್ದೆ ಅದಕ್ಕೆ ಒಗ್ಗೋದಿಲ್ಲ. ಮಾಕುಟ್ಟದಲ್ಲಿ ನಮ್ಮ ಭಾವ ಕೇಳ್ತಿದ್ದಾನೆ, ಕಳಿಸಿಬಿಡೋಣ."

"ಒಗ್ಗೋದಿಲ್ವಾ? ನಿಮಗಿಂತ ಮೊದಲು ತಟ್ಟೆ ಖಾಲಿ ಮಾಡಿದ್ದಾನೆ! ಸಾರು ಸಪ್ಪೆ ಅಂತ ತಗಾದೆ ತೆಗೆದೋರು ನೀವೇ!"

ನಿಜ ಹೇಳಬೇಕೆಂದರೆ, ಸಂಜೆ ನಾನು ಪೂಜೆಗೆ ಕುಳಿತಾಗ ಹೊಸಿಲಾಚೆ ಗಲ್ಲ ಊರಿ, ಗಂಟೆ ನಿಲ್ಲುವವರೆಗೆ ಮಿಸುಕದೆ ಮಲಗುವ ಜೀವ ಅದು. ಶಿವನೇ ಕಳಿಸಿದವನನ್ನು ಮಾಕುಟ್ಟಕ್ಕೆ ಕಳಿಸಲು ನಾನ್ಯಾರು?

ಕೊನೆಗೆ ಯಜಮಾನರು ತೀರ್ಪು ಕೊಟ್ಟರು. "ಒಂದು ವಾರ ನೋಡೋಣ. ಭಾನುವಾರ ಅವನನ್ನು ಹಗ್ಗ ಹಿಡಿದು ಸಂತೆಗೆ ಕರ್ಕೊಂಡು ಹೋಗಿ ಬಾ. ನಾಯಿ ಮೇಲೆ ಒಂದೇ ಒಂದು ದೂರು ಬಂತೋ, ಸೋಮವಾರ ಮಾಕುಟ್ಟದ ಲಾರಿ!"

ಮೊದಲು ಹಗ್ಗದ ಆಯ್ಕೆ. ಸರಪಳಿ ಬೇಡವೆಂದೆ. ಅವನೇನು ಕಳ್ಳನೇ? ತೊಗಲಿನ ಪಟ್ಟಿಗೆ ಮಳೆಗಾಲದ ಬೂಷ್ಟು ಹಿಡಿದು, ಅದು ಹಪ್ಪಳದಂತೆ ಸೆಟೆದುಕೊಂಡಿತ್ತು. ಪಕ್ಕದ ಮನೆಯ ಬೋಜಮ್ಮ ಬೇಲಿಯಾಚೆಯಿಂದಲೇ ಮದ್ದು ಹೇಳಿದಳು.

"ತೊಗಲಿಗೆ ಕೊಬ್ಬು ತಿಕ್ಕಬೇಕು ಅಕ್ಕ. ಹಂದಿ ಕೊಬ್ಬು ಉಂಟು, ಒಂದು ಕರಟ ಕೊಡ್ಲಾ?"

"ಶಿವಶಿವಾ! ನಮ್ಮ ಮನೇಲಾ?"

"ಹಂಗಾದ್ರೆ ನಿಮ್ಮ ದೇವರು ಒಪ್ಪೋದು ಏನಾದ್ರೂ ತಿಕ್ಕಿ!"

ದೇವರು ಒಪ್ಪುವುದೆಂದರೆ ತುಪ್ಪ. ಅರ್ಧ ಗಿಂಡಿ ತುಪ್ಪವನ್ನು ಭಕ್ತಿಯಿಂದ ತಿಕ್ಕಿದೆ. ಪಟ್ಟಿ ರೇಷ್ಮೆಯಂತಾಯಿತು! ಬೆಳಿಗ್ಗೆ ಎದ್ದು ನೋಡಿದರೆ ಅದರ ಹಿತ್ತಾಳೆಯ ಕೊಕ್ಕೆಯೊಂದು ಮಾತ್ರ ಉಳಿದಿತ್ತು. ಪಕ್ಕದಲ್ಲಿ ಡ್ಯೂಕಪ್ಪ ಮದುವೆಯೂಟ ಮುಗಿಸಿದವನಂತೆ ಮೀಸೆ ನೆಕ್ಕಿಕೊಳ್ಳುತ್ತಿದ್ದ.

"ನಿನ್ನೆ ನನ್ನ ಮುದ್ದೆಗೆ ತುಪ್ಪ ಮುಗೀತು ಅಂದ್ಯಲ್ಲೇ?" ಎಂದರು ಯಜಮಾನರು. ನಾನು ಗಿಂಡಿ ಎತ್ತಿಕೊಂಡು ಅಡುಗೆಮನೆಗೆ ನಡೆದೆ.

ಭಾನುವಾರ ಬಂದೇಬಿಟ್ಟಿತು. ನಾನು ಸೋಲುವವಳೆ? ಕೊಟ್ಟಿಗೆಯಲ್ಲಿದ್ದ ನಮ್ಮ ಹಸು ಗಂಗೆಯ ಕೊರಳ ಹಗ್ಗವನ್ನೇ ಬಿಚ್ಚಿ ತಂದೆ. ತೆಂಗಿನ ನಾರಿನದು, ಗಟ್ಟಿ, ಯಾವ ನಾಯಿಯೂ ತಿನ್ನದು. ಅದರಲ್ಲೊಂದು ಗಂಟೆಯೂ ಇತ್ತು. ತೋಟದ ದಾರಿಯಲ್ಲಿ ಚಿರತೆ ನಾಯಿಗಾಗಿಯೇ ಕಾದಿರುತ್ತದೆಂದು ಎಲ್ಲರೂ ಹೇಳುತ್ತಾರೆ. ಗಂಟೆ ಸದ್ದಿಗೆ ಹೆದರಿ ದೂರ ಹೋಗಲಿ! ಹಣೆಗೆ ವಿಭೂತಿ, ಕೊರಳಿಗೆ ದೊರೆಯ ಸೀಟಿ, ಮಣಿಕಟ್ಟಿಗೆ ಮೂರು ಸುತ್ತು ಹಗ್ಗ. ಹೀಗೆ ಹೊರಟಿತು ನಮ್ಮ ದಿಗ್ವಿಜಯ!

ಕೂಲಿಯವರ ಲೈನಿನ ಮನೆಗಳನ್ನು ದಾಟುವಾಗ ಜನ ನಿಂತು ನಗತೊಡಗಿದರು. ಮೆಚ್ಚುಗೆ ಎಂದುಕೊಂಡು ನಾನೂ ನಕ್ಕೆ. ಸಂತೆ ಮುಟ್ಟಿದ ಮೇಲೆ ತಿರುಗಿ ನೋಡಿದರೆ, ಹಿಂದೆ ಗಂಗೆಯ ಕರು! ಮೂರು ತಿಂಗಳ ಕೂಸಿಗೆ ಅಮ್ಮ ಎಂದರೆ ಆ ಗಂಟೆ, ಆ ಹಗ್ಗದ ವಾಸನೆ. ಅಮ್ಮ ಸಂತೆಗೆ ಹೊರಟಳೆಂದು ಅದೂ ಹಿಂದೆ ಬಂದಿದೆ. ಬಂದದ್ದಷ್ಟೇ ಅಲ್ಲ, ಹಸಿದೂ ಬಂದಿದೆ!

ನಾನು "ಹೇ, ಹೇ!" ಎನ್ನುವುದರೊಳಗೆ ಡ್ಯೂಕಪ್ಪನ ಹೊಟ್ಟೆಯಡಿ ಮೂತಿ ತೂರಿಸಿ ಗುದ್ದಿತು. ಗಂಡು ಜೀವ, ಪಾಪ! ಜನ್ಮದಲ್ಲಿ ಕಾಣದ ಮುಜುಗರ! ಕಚ್ಚಲಿಲ್ಲ, ಬೊಗಳಲಿಲ್ಲ, ಮರ್ಯಾದೆಯಿಂದ ನನ್ನ ಹಿಂದಕ್ಕೆ ಸರಿದ. ಕರು ಅವನ ಹಿಂದೆ. ಅವನು ಮುಂದಕ್ಕೆ, ಕರುವೂ ಮುಂದಕ್ಕೆ. ಹೀಗೆ ಇಬ್ಬರೂ ನನಗೆ ನಾಲ್ಕು ಪ್ರದಕ್ಷಿಣೆ ಹಾಕುವಷ್ಟರಲ್ಲಿ ಹಗ್ಗ ನನ್ನ ಕಾಲಿಗೆ ಸುತ್ತಿ, ನಾನು ನೇರ ಕುಂಬಾರ ನಿಂಗನ ಮಡಕೆಗಳ ಮೇಲೆ ಬಿದ್ದೆ! ಏಳಲು ಆಸರೆಗೆಂದು ಬಳೆಗಾರ್ತಿ ಹುಚ್ಚಮ್ಮನ ಅಂಗಡಿಯ ಕಂಬ ಹಿಡಿದೆ. ಕಂಬವೂ ಬಂತು, ಮೇಲೆ ಕಟ್ಟಿದ ಬಟ್ಟೆಯೂ ಬಂತು.

ಬಟ್ಟೆಯ ಕತ್ತಲೊಳಗೆ ಶಿವನನ್ನು ನೆನೆದೆ. ಆಮೇಲೆ ಸೀಟಿಯ ನೆನಪಾಗಿ, ಇದ್ದ ಉಸಿರನ್ನೆಲ್ಲ ಸೇರಿಸಿ ಊದಿದೆ. ಡ್ಯೂಕಪ್ಪ ತಟ್ಟನೆ ಕಲ್ಲುಬಸವನಂತೆ ಕುಳಿತ. ಆದರೆ ಸಂತೆಯ ಆ ತುದಿಯಿಂದ ಪೊಲೀಸ್ ಪೇದೆ ಮಾಯಿಲಪ್ಪ ಟೋಪಿ ಹಿಡಿದುಕೊಂಡು ಓಡಿ ಬಂದ!

ಸಂಜೆ ನಮ್ಮ ಜಗಲಿಯಲ್ಲಿ ನಿಂಗ, ಹುಚ್ಚಮ್ಮ, ಮಾಯಿಲಪ್ಪ ಮೂವರೂ ಸಾಲಾಗಿ ಕುಳಿತಿದ್ದರು. ಯಜಮಾನರು ಮುಂದೆ, ನಾನು ಕಾಫಿಯ ಲೋಟ ಹಿಡಿದು ಬಾಗಿಲ ಹಿಂದೆ. ಡ್ಯೂಕಪ್ಪನ ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡೆ.

"ಹೇಳಿ, ನಮ್ಮ ನಾಯಿ ಏನೇನು ಮಾಡಿತು?" ಎಂದರು ಯಜಮಾನರು.

"ನಾಯಿನಾ?" ನಿಂಗ ಕಣ್ಣರಳಿಸಿದ. "ಅದು ಬಂಗಾರದಂಥ ನಾಯಿ ಸ್ವಾಮಿ! ಒಂದು ಮಡಕೆನೂ ಮೂಸಿ ನೋಡ್ಲಿಲ್ಲ. ಮೂರು ಮಡಕೆ ಒಡೆದದ್ದು ಅಮ್ಮಾವ್ರು."

"ನನ್ನ ಅಂಗಡಿ ಕಿತ್ತು ಹೊದ್ಕೊಂಡಿದ್ದೂ ಅವ್ರೇ!" ಎಂದಳು ಹುಚ್ಚಮ್ಮ.

"ಸೀಟಿ ಕೇಳಿ ಸಾಹೇಬ್ರು ಬಂದ್ರು ಅಂತ ಬಾಯಲ್ಲಿದ್ದ ಎಲೆಅಡಿಕೆ ನುಂಗಿ ಓಡಿದೆ ಸಾರ್," ಎಂದ ಮಾಯಿಲಪ್ಪ, ಇನ್ನೂ ಬಿಕ್ಕಳಿಸುತ್ತ. "ನಾಯಿ ಮೇಲೆ ನಂದೇನೂ ದೂರಿಲ್ಲ. ಇಡೀ ಸಂತೇಲಿ ಶಿಸ್ತಾಗಿ ಕೂತಿದ್ದು ಅದೊಂದೇ!"

ಒಡೆದದ್ದನ್ನೆಲ್ಲ ತುಂಬಿಕೊಡುವ ಮಾತಾಯಿತು, ಕಾಫಿಯೂ ಆಯಿತು. ಅವರು ಹೋದ ಮೇಲೆ ಯಜಮಾನರು ಲೋಟ ಕೆಳಗಿಟ್ಟರು. ಆಮೇಲೆ ಡ್ಯೂಕಪ್ಪನ ತಲೆ ಸವರಿದರು.

"ಕೊಟ್ಟ ಮಾತು ಮಾತೇ. ಇವನ ಮೇಲೆ ಒಂದೂ ದೂರಿಲ್ಲ. ಇನ್ನು ಇವನು ನಮ್ಮನೆಯವನು."

ನನ್ನ ಕಣ್ಣು ತುಂಬಿ ಬಂತು. "ನೋಡಿದ್ರಾ! ನಾನು ಹೇಳಿರ್ಲಿಲ್ವಾ?" ಎಂದು ಮತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿನ್ನದು ಇನ್ನೊಂದು ವಾರ ನೋಡೋಣ."