ನಮ್ಮತ್ತೆ ಮತ್ತು ಟ್ರ್ಯಾಕ್ಟರಿನ ಕೊಕ್ಕಿ

ನಮ್ಮತ್ತೆಗೆ ಈ ಲೋಕದಲ್ಲಿ ನಂಬಿಕೆ ಇರುವುದು ಒಂದೇ ವಸ್ತುವಿನ ಮೇಲೆ ಎಂದು ಊರೆಲ್ಲ ಹೇಳುತ್ತದೆ. ಅದು ಶುದ್ಧ ಸುಳ್ಳು! ಆ ವಸ್ತುವಿನ ಮೇಲೂ ಅವರಿಗೆ ನಂಬಿಕೆಯಿಲ್ಲ. ಇದ್ದಿದ್ದರೆ ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಸವರಿ ನೋಡುತ್ತಿದ್ದರೇ?

ವಸ್ತು ಯಾವುದೆಂದರೆ, ಟ್ರ್ಯಾಕ್ಟರಿಗೂ ಅದರ ಹಿಂದಿನ ಟ್ರೈಲರಿಗೂ ನಡುವೆ ಇರುವ ಕಬ್ಬಿಣದ ಕೊಂಡಿ. ತಿಳಿದವರು ಹಿಚ್ ಎನ್ನುತ್ತಾರೆ, ನಮ್ಮ ಧರ್ಮಪುರಿ ಕಡೆ ಕೊಕ್ಕಿ. ಅತ್ತೆ, ಅಂದರೆ ನನ್ನ ತಂದೆಯ ಅಕ್ಕ, ತಲೆಗೆ ಟವೆಲ್ ಸುತ್ತಿ ಟ್ರ್ಯಾಕ್ಟರ್ ಓಡಿಸುತ್ತಾರೆ. ಮಾವನವರು ಹಿಂದೆ ಟ್ರೈಲರಿನಲ್ಲಿ ಕುರಿಗಳ ಜೊತೆ ಕಾಲು ಚಾಚಿ ಕೂರುತ್ತಾರೆ. ಅವರ ಮೊಣಕಾಲು ಮಡಚಲು ಬರುವುದಿಲ್ಲ. ಕುರಿಗಳಿಗೂ ಅವರ ಸಹವಾಸವೇ ಇಷ್ಟ.

ಅತ್ತೆ ಸಂಜೆ ಒಂದು ಕೈಯಲ್ಲಿ ಗ್ರೀಸ್ ಡಬ್ಬ, ಇನ್ನೊಂದರಲ್ಲಿ ಮಾವನ ಕಾಲಿಗೆ ತಿಕ್ಕುವ ಎಣ್ಣೆ ಹಿಡಿದು ಅಂಗಳಕ್ಕೆ ಬರುತ್ತಾರೆ. ಮೊದಲ ಪೂಜೆ ಯಾರಿಗೆ? ಕೊಕ್ಕಿಗೆ!

"ನಾನೂ ಆ ಕೊಕ್ಕಿಯಾಗಿ ಉಟ್ಬೇಕಿತ್ತು ಕಣ್ಲಾ," ಎಂದು ಮಾವ ಒಮ್ಮೆ ನನ್ನ ಹತ್ತಿರ ದೂರಿದರು.

"ಉಟ್ಟಿದ್ರೆ ಇಷ್ಟೊತ್ಗೆ ತುಕ್ಕಿಡ್ದು ಓಗಿರೋರು," ಎಂದರು ಅತ್ತೆ, ತಲೆಯೆತ್ತದೆ.

ಅವರ ಮಗಳಿಗೆ ಎಡಪ್ಪಾಡಿ ಕಡೆಯಿಂದ ಸಂಬಂಧ ಬಂದಾಗ ನಾವೆಲ್ಲ ಗಂಡಿನ ಮನೆ ನೋಡಲು ಹೋದೆವು. ನಾವು ಒಳಗೆ ಕೇಸರಿಬಾತ್ ತಿನ್ನುತ್ತಿದ್ದರೆ ಅತ್ತೆ ಮಾಯ! ಬಂದಾಗ ಬೆರಳ ತುಂಬ ಮಸಿ. ಬೀಗರಾಗಲಿದ್ದವರ ಎದುರೇ ತೀರ್ಪು ಕೊಟ್ಟರು:

"ಉಡ್ಗ ಒಳ್ಳೇವ್ನು. ಆದ್ರೆ ನಿಮ್ ಟ್ರೈಲರ್ ಪಿನ್ನಿಗೆ ಲಾಕ್ ಇಲ್ಲ, ಬರೀ ತಂತಿ ಸುತ್ತಿದೀರಿ. ಇಂಗಾದ್ರೆ ನನ್ ಮಗ್ಳನ್ನ ಎಂಗೆ ನೋಡ್ಕೋತೀರಿ?"

ಹುಡುಗನ ಅಪ್ಪ ಅವತ್ತೇ ಲಾಕ್ ತಂದು ಹಾಕಿಸಿದರು. ಮದುವೆಯೂ ಆಯಿತು. ಈಗಲೂ ಅಳಿಯನಿಗೆ ಫೋನ್ ಮಾಡಿದರೆ ಅತ್ತೆಯ ಮೊದಲ ಪ್ರಶ್ನೆ "ಗ್ರೀಸ್ ಆಕಿದ್ಯಾಪ್ಪಾ?". ಮಗಳ ಕ್ಷೇಮ ಆಮೇಲೆ!

ಹೋದ ವರ್ಷ ಕುರಿ ಸಂತೆಗೆ ಹೊರಟಿದ್ದೆವು. ನಾನು ಅತ್ತೆಯ ಪಕ್ಕ ಮಡ್‌ಗಾರ್ಡಿನ ಮೇಲೆ, ಮಾವ ಹಿಂದೆ ಕುರಿಗಳ ನಡುವೆ. ಇಳಿಜಾರು ಶುರುವಾಗುವ ಕಡೆ ಅತ್ತೆ ಗಕ್ಕನೆ ನಿಲ್ಲಿಸಿದರು.

"ಸದ್ದು ಬ್ಯಾರೆ ಆಗೈತೆ."

"ಏನ್ ಸದ್ದತ್ತೆ? ನನಗೇನೂ ಕೇಳಲಿಲ್ಲ."

"ನಿಂಗ್ಯಾಕ್ಲಾ ಕೇಳ್ತದೆ? ಕಿವೀಲಿ ಫೋನಿನ ವೈರು!"

ಚಕ್ರಗಳಿಗೆ ಕಲ್ಲು ಕೊಡಿಸಿ, ಮಾವನನ್ನು ಇಳಿಸಿ, ಕುರಿಗಳನ್ನೂ ಇಳಿಸಿಬಿಟ್ಟರು. ಕುರಿಗಳು ಸುಮ್ಮನಿರುತ್ತವೆಯೇ? ರಸ್ತೆ ತುಂಬ ಹರಡಿಕೊಂಡವು. ಹಿಂದಿನಿಂದ ಬಂದ ಬಸ್ಸು ನಿಂತಿತು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಯಮ್ಮಾ, ವಂಡಿಯೆ ಓರಮಾ ಎಡುಮ್ಮಾ!" ಎಂದು ಕೂಗಿದ. ಗಾಡಿ ಪಕ್ಕಕ್ಕೆ ತೆಗೆಯಬೇಕಂತೆ. ಅತ್ತೆ ಅಷ್ಟೇ ಜೋರಾಗಿ ತಮಿಳಿನಲ್ಲೇ, "ಎರಂಗಿ ವಂದು ಆಟ್ಟೆ ಪುಡಿ!" ಎಂದರು, ಇಳಿದು ಬಂದು ಕುರಿ ಹಿಡಿ! ಆ ದನಿಯಲ್ಲಿ ಏನಿತ್ತೋ, ಪಾಪ, ಅವನು ನಿಜವಾಗಿಯೂ ಇಳಿದ! ಅವನ ಹಿಂದೆ ಪ್ರಯಾಣಿಕರೂ ಇಳಿದರು. ಸ್ವಲ್ಪ ಹೊತ್ತಿನಲ್ಲಿ ಟಿಕೆಟ್ ಕೊಂಡವರೆಲ್ಲ ಒಂದೊಂದು ಕುರಿ ಹಿಡಿದು ನಿಂತಿದ್ದರು.

ಅತ್ತೆ ಕೊಕ್ಕಿಯ ಗ್ರೀಸ್ ಒರೆಸಿ ತೋರಿಸಿದರು. ಬಾಗಿದ ಜಾಗದಲ್ಲಿ ತೆಳ್ಳನೆಯ ಗೆರೆ.

"ಕುರಿ ಕೂದ್ಲಿರ್ಬೇಕು ಬುಡು," ಎಂದರು ಮಾವ.

"ಕೂದ್ಲಾದ್ರೆ ಒರೆಸಿದ್ರೆ ಓಗ್ಬೇಕಲ್ಲ!"

ಅದು ಹೋಗಲಿಲ್ಲ. ಬಿರುಕು! ಕಂಡಕ್ಟರ್ ಬಗ್ಗಿ ನೋಡಿದ, ಕೆಳಗಿನ ಇಳಿಜಾರನ್ನೂ ನೋಡಿದ, ಕುರಿಯನ್ನು ಮಾವನ ಕೈಗೆ ಕೊಟ್ಟು ಬಸ್ಸು ಹತ್ತಿದ.

ಟ್ರೈಲರ್, ಕುರಿ, ಮಾವ ಮೂವರನ್ನೂ ಹುಣಸೆಮರದ ಕೆಳಗೆ ಬಿಟ್ಟು, ಬರೀ ಟ್ರ್ಯಾಕ್ಟರಿನಲ್ಲಿ ಅತ್ತೆಯೂ ನಾನೂ ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋದೆವು. ಅಂಗಡಿಯವನು ಕೊಕ್ಕಿ ಬಿಚ್ಚಿ ನೋಡಿ, "ಅಕ್ಕಾ, ಒಂದು ವೆಲ್ಡ್ ಆಕಿದ್ರೆ ಪೋದುಂ, ಸಾಕು. ಓಡ್ತದೆ," ಎಂದ.

"ಓಡ್ತದಾ? ನೀನು ಇಂದ್ಗಡೆ ಕೂತ್ಕೋತೀಯಾ?"

ಅವನು ಹೊಸ ಕೊಕ್ಕಿಗಳನ್ನು ಹರಡಿದ. ಸೀರೆ ಅಂಗಡಿಯಲ್ಲೂ ಅತ್ತೆ ಅಷ್ಟು ಸತಾಯಿಸಿದವರಲ್ಲ! ಮೊದಲನೆಯದು ಮಿರಮಿರ ಮಿಂಚುತ್ತಿತ್ತು. "ಬಣ್ಣ ಯಾಕಿಷ್ಟು ದಪ್ಪ? ಒಳ್ಗೇನ್ ಮುಚ್ಚಿಟ್ಟವ್ರೆ?" ಎಂದು ಬೀಗದ ಕೈಯಿಂದ ಕೆರೆದರು. ಇನ್ನೊಂದರಲ್ಲಿ ಪಿನ್ನು ಹಾಕಿದರೆ ಲಟಪಟ ಆಡಿತು. ಮತ್ತೊಂದರಲ್ಲಿ ಪಿನ್ನು ಇಳಿಯಲೇ ಇಲ್ಲ. ಕೊನೆಗೊಂದರಲ್ಲಿ ಕೈಗೆ ಬಳೆ ಇಳಿದ ಹಾಗೆ ಇಳಿಯಿತು. ಅತ್ತೆ ಮುಗುಳ್ನಕ್ಕರು. ಅಂಗಡಿಯವನು ಬೆವರು ಒರೆಸಿಕೊಂಡ.

ಹುಣಸೆಮರದ ಹತ್ತಿರ ವಾಪಸ್ಸು ಬಂದ ಮೇಲಾದರೂ ಸುಮ್ಮನೆ ಹತ್ತಿಸಿಕೊಂಡರೇ? ಇಲ್ಲ! ಖಾಲಿ ಟ್ರೈಲರ್ ಕಟ್ಟಿ ಹಿಂದೆ ಮುಂದೆ ಜಗ್ಗಿದರು, ಬ್ರೇಕ್ ಒತ್ತಿ ಕುಲುಕಿದರು. ಆಮೇಲೆ ಕುರಿ ಹತ್ತಿಸಿ ಅಷ್ಟು ದೂರ ಹೋಗಿಬಂದರು. ಎಲ್ಲ ಆದ ಮೇಲೆ ಮಾವನಿಗೆ ಅಪ್ಪಣೆಯಾಯಿತು. ಅಷ್ಟರಲ್ಲಿ ಬಿಸಿಲು ಇಳಿದಿತ್ತು.

"ಸಂತೆ ಓಯ್ತಲ್ಲೇ," ಎಂದರು ಮಾವ, ನನ್ನ ಹೆಗಲು ಹಿಡಿದು ಹತ್ತುತ್ತ.

"ಓದ್ರೆ ಓಗ್ಲಿ. ಸಂತೆ ಮುಂದಿನ್ ವಾರಾನೂ ಐತೆ."

ಮನೆಯ ಕಡೆ ಹೊರಟೆವು. ಅತ್ತೆ ಗಳಿಗೆಗೊಮ್ಮೆ ತಿರುಗಿ ಹಿಂದೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಹೊಸ ಕೊಕ್ಕಿ ಅತ್ತೆ! ಎಷ್ಟು ಸಲ ನೋಡ್ತೀರಿ?"

"ಕೊಕ್ಕಿ ಯಾರ್ಲಾ ನೋಡ್ತಾರೆ?"

ನಾನೂ ತಿರುಗಿದೆ. ಮಾವ ನಿದ್ದೆ ಹೋಗಿದ್ದರು. ಒಂದು ಮರಿ ಅವರ ಚಾಚಿದ ಕಾಲಿನ ಮೇಲೆ ಮಲಗಿತ್ತು. ಗಾಡಿ ಕುಲುಕಿದಾಗಲೆಲ್ಲ ಅವರ ತಲೆ ಟ್ರೈಲರಿನ ತಗಡಿಗೆ ಬಡಿಯುತ್ತಿತ್ತು.

ಅತ್ತೆ ಗಾಡಿ ನಿಲ್ಲಿಸಿ ಇಳಿದರು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ದಿಂಬಿನ ಹಾಗೆ ಮಡಚಿ, ಮಾವನ ತಲೆಗೂ ತಗಡಿಗೂ ನಡುವೆ ಇಟ್ಟರು. ಅವರ ಬಾಯ ಮೇಲೆ ಕೂತಿದ್ದ ನೊಣ ಓಡಿಸಿದರು. ಮಾವನಿಗೆ ಎಚ್ಚರವಾಗಲಿಲ್ಲ.

ಮತ್ತೆ ಬಂದು ಕೂತು ಗಾಡಿ ಬಿಟ್ಟರು. ಬರಿದಾದ ತಲೆಯಲ್ಲಿ ನರೆಗೂದಲು ಗಾಳಿಗೆ ಹಾರುತ್ತಿತ್ತು. ಹಿಂದೊಂದು ಲಾರಿ ಹಾರನ್ ಹೊಡೆಯುತ್ತಲೇ ಇತ್ತು. ಅತ್ತೆ ಕೈಬೀಸಿ ಅದಕ್ಕೆ ದಾರಿ ಕೊಟ್ಟರು, ಊರು ಬರುವವರೆಗೂ ಗೇರ್ ಮಾತ್ರ ಏರಿಸಲಿಲ್ಲ.